ಹಿಂದಿನ ಸೀಟಿನ ಭಾರ

ಗ್ಯಾರೇಜುಗಳ ಆ ಬೀದಿಯಲ್ಲಿ ತಿರುವು ಮೇಸ್ತ್ರಿ ಎಲ್ಲಿ ಎಂದು ಯಾರನ್ನು ಕೇಳಿದರೂ ಬೆರಳು ಮಾಡಿ ತೋರಿಸುತ್ತಿದ್ದರು. ಅವನು ಎಂಜಿನ್ನಿನ ತಂಟೆಗೆ ಹೋದವನೇ ಅಲ್ಲ. ಬ್ಯಾಟರಿ, ಬಣ್ಣ, ಹಾರ್ನು ಎಂದು ಬಂದವರನ್ನು ಪಕ್ಕದ ಶೆಡ್ಡಿಗೆ ಅಟ್ಟುತ್ತಿದ್ದ. ಕಾರು ವೇಗದಲ್ಲಿ ತಿರುಗುವಾಗ ನಾಲ್ಕೂ ಚಕ್ರ ರಸ್ತೆಯನ್ನು ಕಚ್ಚಿ ಹಿಡಿದಿರಬೇಕು, ಅದೊಂದೇ ಅವನ ಕಸುಬು. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿ ಹೊಟ್ಟೆ ಹೊರೆದ, ಹೆಸರೂ ಮಾಡಿದ. ಆ ಹೆಸರು ಅವನ ತಲೆಗೇರಿತ್ತು ಎನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಮುಚ್ಚಿಟ್ಟೆ ಎನ್ನಬೇಡಿ.

ದೊಡ್ಡ ಅಂಗಡಿಗಳಿಗೆ ಕಂಪ್ಯೂಟರು ಬಂದಿತ್ತು. ಚಕ್ರಕ್ಕೆ ಕನ್ನಡಿ ಕಟ್ಟಿ, ಪರದೆಯ ಮೇಲೆ ಅಂಕಿ ತೋರಿಸಿ, ಚೀಟಿ ಹರಿದು ಕೊಡುತ್ತಿದ್ದರು. ಮೇಸ್ತ್ರಿಯ ಹತ್ತಿರ ಇದ್ದದ್ದು ಒಂದು ನೂಲು, ಒಂದು ತೂಕದ ಗುಂಡು, ಒಂದು ಡಬ್ಬಿ ಸೀಮೆಸುಣ್ಣ. ನೂಲು ಎಳೆದು ಚಕ್ರಗಳು ನೆಟ್ಟಗಿವೆಯೇ ನೋಡುತ್ತಿದ್ದ. ಗುಂಡು ಇಳಿಬಿಟ್ಟು ಎಷ್ಟು ವಾಲಿವೆ ಎಂದು ಅಳೆಯುತ್ತಿದ್ದ. ಆಮೇಲೆ ಟೈರಿನ ಅಂಚಿನಲ್ಲಿ ಸುಣ್ಣದ ಗೆರೆ ಎಳೆದು, ಕಾರನ್ನು ಮುಚ್ಚಿಹೋದ ಬಟ್ಟೆ ಗಿರಣಿಯ ಅಂಗಳಕ್ಕೆ ಒಯ್ಯುತ್ತಿದ್ದ. ಲಾರಿಗಳು ತಿರುಗಲೆಂದು ಹಾಸಿದ ಆ ಸಿಮೆಂಟಿನ ಅಂಗಳದಲ್ಲಿ ಮಾಲೀಕನ ಕೈಯಲ್ಲೇ ಕಾರು ಓಡಿಸಿ ಸುತ್ತು ಹಾಕಿಸುತ್ತಿದ್ದ. ಇಳಿದು ನೋಡಿದರೆ ಸುಣ್ಣ ಎಲ್ಲಿಯವರೆಗೆ ಅಳಿಸಿದೆಯೋ ಅಲ್ಲಿಯವರೆಗೆ ಟೈರು ಮಗುಚಿದೆ ಎಂದು ಅರ್ಥ. ತುಂಬ ಅಳಿಸಿದ್ದರೆ ಗಾಳಿ ಹೆಚ್ಚಿಸು, ಕಮ್ಮಿ ಅಳಿಸಿದ್ದರೆ ಗಾಳಿ ಬಿಡು. ಇಷ್ಟೇ ಅವನ ವಿದ್ಯೆ.

ಸುತ್ತು ಹಾಕುವಾಗ ಅವನು ಹಿಂದಿನ ಸೀಟಿನ ನಟ್ಟನಡುವೆ ಕೂತು, ಎರಡೂ ಕೈ ಮುಂದಿನ ಸೀಟುಗಳ ಮೇಲಿಟ್ಟು ಕಣ್ಣು ಮುಚ್ಚುತ್ತಿದ್ದ. ಹಿಂದಿನ ಟೈರು ಏನು ಹೇಳುತ್ತದೆ ಎನ್ನುವುದು ಮುಂದೆ ಕೂತವನಿಗೆ ಕೇಳುವುದಿಲ್ಲ ಎನ್ನುವುದು ಅವನ ನಂಬಿಕೆ. ಆಳು ನೂರಾ ಹನ್ನೆರಡು ಕಿಲೋ. ಅವನು ಹತ್ತಿ ಕೂತರೆ ಕಾರು ನಿಟ್ಟುಸಿರು ಬಿಡುತ್ತದೆ ಎಂದು ಬೀದಿಯವರು ಗೇಲಿ ಮಾಡುತ್ತಿದ್ದರು. ಅವನಿಗೆ ಬೇಜಾರಿರಲಿಲ್ಲ. "ಅದು ನಿಟ್ಟುಸಿರಲ್ಲ, ನಮಸ್ಕಾರ" ಎನ್ನುತ್ತಿದ್ದ.

ಒಂದು ಸಲ ಒಬ್ಬ ಶಾಲಾ ಮೇಷ್ಟ್ರು ಕಾರು ವಾಪಸು ತಂದು ಹೇಳಿದರು: "ನೀವು ಹಿಂದೆ ಕೂತಾಗ ಚೆನ್ನಾಗೇ ಹೋಗುತ್ತೆ ಮೇಸ್ತ್ರಿ. ನಾನೊಬ್ಬನೇ ಹೋದರೆ ತಿರುವಲ್ಲಿ ಹಿಂದೆ ಯಾಕೋ ಅಲ್ಲಾಡುತ್ತೆ."

"ಕಾರಲ್ಲ ಮೇಷ್ಟ್ರೇ ಅಲ್ಲಾಡೋದು, ನಿಮ್ಮ ಕೈ," ಎಂದ ಮೇಸ್ತ್ರಿ. ಸುತ್ತ ನಿಂತವರು ನಕ್ಕರು. ಮೇಷ್ಟ್ರು ಮುಖ ಸಣ್ಣದು ಮಾಡಿಕೊಂಡು ಹೋದರು. ಆ ಮಾತನ್ನು ಮೇಸ್ತ್ರಿ ಅಂದೇ ಮರೆತ. ಒಂದು ನಿಮಿಷ ಕಾರಿನಿಂದ ಇಳಿದು ಅಂಗಳದ ಅಂಚಿನಲ್ಲಿ ನಿಂತು ನೋಡಿದ್ದರೆ ಸಾಕಿತ್ತು. ಇಪ್ಪತ್ತೆರಡು ವರ್ಷದಲ್ಲಿ ತಾನು ಹದ ಮಾಡಿದ ಒಂದೇ ಒಂದು ಕಾರನ್ನೂ ಅವನು ಹೊರಗೆ ನಿಂತು ನೋಡಿರಲಿಲ್ಲ.

ಅವನಿಗೆ ಹೆಂಡತಿ ಮಕ್ಕಳಿಲ್ಲ. ಇದ್ದವರು ಅಕ್ಕ, ಭಾವ ಇಬ್ಬರೇ. ತಾಯಿ ಹೋದಾಗ ಅವನಿಗೆ ಒಂಬತ್ತು ವರ್ಷ. ಹೊಸದಾಗಿ ಮದುವೆಯಾದ ಅಕ್ಕ ಅವನನ್ನೂ ಕರೆದುಕೊಂಡೇ ಗಂಡನ ಮನೆಗೆ ಹೋದಳು. ಇನ್ನೊಬ್ಬನಾಗಿದ್ದರೆ ಮೂತಿ ತಿರುಗಿಸುತ್ತಿದ್ದ. ಭಾವ ಬಾಗಿಲಲ್ಲಿ ನಿಂತು, "ಬಾರೋ ಗುಂಡ, ನನಗೂ ಒಬ್ಬ ಜೊತೆ ಬೇಕಿತ್ತು" ಎಂದರಂತೆ. ಅವನಿಗೆ ಸ್ಪಾನರು ಹಿಡಿಯಲು ಕಲಿಸಿದವರು ಅವರು, ಗ್ಯಾರೇಜಿಗೆ ಸೇರಿಸಿದವರು ಅವರು. ಅವರಿಬ್ಬರಿಗೆ ಮಕ್ಕಳಾಗಲಿಲ್ಲ, ಹಾಗಾಗಿ ಅವನಿಗೆ ಸಿಗಬೇಕಾದ ಪ್ರೀತಿಯಲ್ಲಿ ಯಾರೂ ಪಾಲು ಕೇಳಲಿಲ್ಲ.

ಭಾವ ಒಂದು ರಕ್ತ ನಿಧಿಗೆ ಸ್ವಂತ ಕಾರು ಓಡಿಸುತ್ತಿದ್ದರು. ಪೇಟೆಯಿಂದ ರಕ್ತದ ಚೀಲಗಳ ಪೆಟ್ಟಿಗೆಯನ್ನು ಪಕ್ಕದ ಸೀಟಿಗೆ ಬೆಲ್ಟು ಹಾಕಿ ಕೂರಿಸಿ, ಬೆಟ್ಟ ಹತ್ತಿ ಇಳಿದು ಆಚೆ ಬದಿಯ ಆಸ್ಪತ್ರೆಗೆ ಮುಟ್ಟಿಸಬೇಕು. ಒಟ್ಟು ನಲವತ್ತು ಚಿಲ್ಲರೆ ತಿರುವು. ತೆಳ್ಳಗಿನ ಮನುಷ್ಯ, ಮಾತು ಕಮ್ಮಿ, ಗಾಡಿ ಓಡಿಸುವುದರಲ್ಲಿ ಅವಸರವೆನ್ನುವುದೇ ಇಲ್ಲ. ಇಂಥವರಿಗೆ ಮೇಲಿನಿಂದ ಹುಕುಂ ಬಂತು: ಎರಡು ಗಂಟೆಯ ದಾರಿಯನ್ನು ಒಂದೂವರೆ ಗಂಟೆಯಲ್ಲಿ ಮುಟ್ಟಬೇಕು.

ಭಾವ ಕಾರು ತಂದು ಶೆಡ್ಡಿನ ಮುಂದೆ ನಿಲ್ಲಿಸಿದರು.

"ತಿರುವಲ್ಲಿ ಸ್ವಲ್ಪ ಜೋರಾಗಿ ಹೋದರೆ ಮುಂದಿನ ಚಕ್ರ ಜಾರುತ್ತೆ ಗುಂಡ. ನಾನು ಸ್ಟೀರಿಂಗು ತಿರುಗಿಸೋದು ಒಂದು ಕಡೆ, ಇದು ಹೋಗೋದು ಇನ್ನೊಂದು ಕಡೆ. ಏನಾದರೂ ಮಾಡಕ್ಕಾಗುತ್ತಾ?"

"ಏನಾದರೂ ಏನು ಭಾವ, ಹಳಿ ಮೇಲೆ ರೈಲು ಹೋದ ಹಾಗೆ ಹೋಗೋ ಹಾಗೆ ಮಾಡಿ ಕೊಡ್ತೀನಿ. ಎರಡು ದಿನ ಬಿಡಿ."

"ನೀನು ಮಾಡಿದ ಮೇಲೆ ನಾನು ಕೇಳೋದೇನಿದೆ," ಎಂದು ಭಾವ ಕೀಲಿ ಕೊಟ್ಟು ಬಸ್ಸಿನಲ್ಲಿ ಮನೆಗೆ ಹೋದರು.

ಬೇರೆಯವರ ಕಾರಾಗಿದ್ದರೆ ಮೇಸ್ತ್ರಿ ಒಂದು ಮಟ್ಟಕ್ಕೆ ನಿಲ್ಲಿಸುತ್ತಿದ್ದ. ಇದು ಭಾವನ ಕಾರು. ಮುಂದಿನ ಚಕ್ರಗಳ ತಲೆಯನ್ನು ಒಳಕ್ಕೆ ಚೂರು ವಾಲಿಸಿದ. ಹಿಂದೆ ಗಟ್ಟಿ ಸ್ಪ್ರಿಂಗು ಹಾಕಿದ. ಕಾರು ತಿರುವಲ್ಲಿ ಪಕ್ಕಕ್ಕೆ ವಾಲದಂತೆ ಹಿಂದಿನ ಎರಡು ಚಕ್ರಗಳನ್ನು ಬೆಸೆಯುವ ಸರಳೊಂದಿರುತ್ತದೆ, ಅದನ್ನು ತೆಗೆದು ಹೆಬ್ಬೆರಳು ಗಾತ್ರದ್ದು ಕೂರಿಸಿದ. ಹಿಂಭಾಗ ಬಿಗಿಯಾದಷ್ಟೂ ಮೂತಿ ಚುರುಕಾಗುತ್ತದೆ, ಅದು ಅವನಿಗೆ ಅಂಗೈ ಗೆರೆಯಷ್ಟು ಚೆನ್ನಾಗಿ ಗೊತ್ತು. ಮೂರನೆಯ ದಿನ ಗಿರಣಿ ಅಂಗಳದಲ್ಲಿ ಭಾವನ ಕೈಗೆ ಸ್ಟೀರಿಂಗು ಕೊಟ್ಟು ತಾನು ಹಿಂದೆ ಕೂತ. ಹನ್ನೊಂದು ಸಲ ಸುತ್ತಿಸಿದ. ಪ್ರತಿ ಸಲವೂ ಇಳಿದು, ಸುಣ್ಣ ನೋಡಿ, ಹಿಂದಿನ ಟೈರಿಗೆ ಇನ್ನಷ್ಟು ಗಾಳಿ ತುಂಬಿದ. ಕೊನೆಯ ಸುತ್ತಿನಲ್ಲಿ ಕಾರು ಎಷ್ಟು ನಯವಾಗಿ ತಿರುಗಿತೆಂದರೆ ಭಾವ ತಮ್ಮಷ್ಟಕ್ಕೆ ತಾವೇ ನಕ್ಕರು. ಅವರು ನಗುವುದು ಅಪರೂಪ.

"ವಯಸ್ಸು ಹತ್ತು ವರ್ಷ ಕಮ್ಮಿ ಆದ ಹಾಗಾಯ್ತು ಕಣೋ," ಎಂದರು.

ಮೇಸ್ತ್ರಿಗೆ ಸ್ವರ್ಗ ಮೂರೇ ಗೇಣು. ಆ ದಿನ ಅವನಿಗೆ ಆದಷ್ಟು ಸಂತೋಷ ಮತ್ತೆ ಯಾವತ್ತೂ ಆಗಲಿಲ್ಲ.

ಮೂರು ವಾರ ಎಲ್ಲ ಸರಿಯಿತ್ತು. ನಾಲ್ಕನೆಯ ವಾರ, ಒಂದು ಬೆಳಿಗ್ಗೆ ಹತ್ತೂವರೆಗೆ, ಬೆಟ್ಟದ ಆಚೆ ಬದಿಯ ಇಳಿಜಾರಿನಲ್ಲಿ ಭಾವ ಒಂದು ತಿರುವಿಗೆ ಇಳಿದರು. ರಸ್ತೆ ಅಲ್ಲಿ ಸ್ವಲ್ಪ ಕಿತ್ತುಹೋಗಿತ್ತು. ಹೊಂಡ ಮುಚ್ಚುವ ಒಬ್ಬ ಕೆಲಸಗಾರ ಬುಟ್ಟಿ ಹಿಡಿದು ಅಡ್ಡ ಬಂದ. ಯಾವ ಸಜ್ಜನನಾದರೂ ಮಾಡುವುದನ್ನೇ ಭಾವ ಮಾಡಿದರು, ಆಕ್ಸಲರೇಟರಿನಿಂದ ಕಾಲು ತೆಗೆದರು. ಕಾರಿನ ಹಿಂಭಾಗ ಹಾರಿ, ಹೊರಳಿ, ಮುಂಭಾಗವನ್ನು ಹಿಂದಿಕ್ಕಲು ಬಂತು. ತಡೆಗೋಡೆ ಒಡೆದು ಕಾರು ಕೆಳಗಿನ ರಸ್ತೆಗೆ ಬಿತ್ತು. ಬುಟ್ಟಿಯವನಿಗೆ ಒಂದು ಗೀರೂ ಆಗಲಿಲ್ಲ.

ಭಾವ ಬದುಕಿದರು. ಸೊಂಟದ ಮೇಲೆ ಬೆನ್ನುಮೂಳೆ ಮುರಿದಿತ್ತು. ಇನ್ನು ಮಲಗಿದ ಕಡೆಯೇ ಎಂದು ಡಾಕ್ಟರು ಎರಡು ಮಾತಿನಲ್ಲಿ ಹೇಳಿ ಮುಗಿಸಿದರು.

ಅದೊಂದೇ ಆಗಿದ್ದರೆ ಭಾವ ಹಲ್ಲು ಕಚ್ಚಿ ತಡೆದುಕೊಳ್ಳುತ್ತಿದ್ದರು. ಆದರೆ ಆ ದಿನ ಪೆಟ್ಟಿಗೆಯಲ್ಲಿದ್ದ ರಕ್ತಕ್ಕಾಗಿ ಆಚೆ ಆಸ್ಪತ್ರೆಯಲ್ಲಿ ಒಬ್ಬ ಬಾಣಂತಿ ಕಾಯುತ್ತಿದ್ದಳು. ಇನ್ನೊಂದು ಗಾಡಿ ಹೊರಡಿಸಿ ಅದು ತಲುಪುವ ಹೊತ್ತಿಗೆ ಅವಳು ಹೋಗಿಬಿಟ್ಟಿದ್ದಳು. ಮಗು ಉಳಿಯಿತು. ರಕ್ತ ನಿಧಿಯವರು "ಚಾಲಕನ ಅತಿವೇಗ ಮತ್ತು ಅಜಾಗರೂಕತೆ" ಎಂದು ಒಂದು ಸಾಲು ಬರೆದು ಕೈ ತೊಳೆದುಕೊಂಡರು. ಒಂದೂವರೆ ಗಂಟೆಯ ಹುಕುಂ ಕೊಟ್ಟವರು ಯಾರು ಎಂದು ಕೇಳುವವರಿಲ್ಲ. ಆ ಕಾಗದ ಓದಿದ ದಿನದಿಂದ ಭಾವನಿಗೆ ನಿದ್ದೆ ಹತ್ತಲಿಲ್ಲ.

ಭಾನುವಾರ ಭಾನುವಾರ ಮೇಸ್ತ್ರಿ ಹೋಗಿ ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ. ಎರಡನೆಯ ಮಹಡಿಯಲ್ಲಿ ಎರಡು ಕೋಣೆಯ ಮನೆ. ಕಿಟಕಿಯಿಂದ ಎದುರು ಮನೆಯ ನೀರಿನ ಟ್ಯಾಂಕು ಬಿಟ್ಟರೆ ಇನ್ನೇನೂ ಕಾಣುವುದಿಲ್ಲ. ಭಾವ ಅದನ್ನೇ ನೋಡುತ್ತ ಕೇಳುತ್ತಿದ್ದರು.

"ಕಾಲು ತೆಗೀಬಾರದಿತ್ತೇನೋ ಅಲ್ವಾ ಗುಂಡ?"

"ಎದುರಿಗೆ ಮನುಷ್ಯ ಬಂದರೆ ಯಾರಾದರೂ ತೆಗೀತಾರೆ ಭಾವ."

"ಹಾಗಾದರೆ ವೇಗ ಜಾಸ್ತಿ ಇತ್ತು. ನಾನು ನೋಡ್ಕೊಳ್ಳಲಿಲ್ಲ. ನೀನು ಅಷ್ಟು ಚೆನ್ನಾಗಿ ಮಾಡಿ ಕೊಟ್ಟಿದ್ದೆ, ನನಗೇ ಯೋಗ್ಯತೆ ಇರಲಿಲ್ಲ."

ಈ ಮಾತು ಮೇಸ್ತ್ರಿಯ ಎದೆಗೆ ನಾಟಿತು. ಕಾರು ಯಾಕೆ ತಿರುಗಿತು ಎನ್ನುವುದು ಅವನಿಗೂ ಬಗೆಹರಿದಿರಲಿಲ್ಲ. ನಜ್ಜುಗುಜ್ಜಾದ ಕಾರನ್ನು ತರಿಸಿ ಬಿಚ್ಚಿ ನೋಡಿದ್ದ. ಸ್ಪ್ರಿಂಗು ತುಂಡಾಗಿರಲಿಲ್ಲ, ಸರಳು ಕಳಚಿರಲಿಲ್ಲ, ಒಂದು ನಟ್ಟೂ ಸಡಿಲವಿರಲಿಲ್ಲ. ತನ್ನ ಕೆಲಸದಲ್ಲಿ ಐಬಿಲ್ಲ ಎಂದು ಒಳಗೊಳಗೆ ಸಮಾಧಾನವೂ ಆಗಿತ್ತು. ಆದರೂ ಮನಸ್ಸು ತಡೆಯದೆ, ಅದೇ ಜಾತಿಯ ಒಂದು ಹಳೆ ಕಾರು ಹಿಡಿದು ತಂದು, ಅದೇ ಸ್ಪ್ರಿಂಗು, ಅದೇ ಸರಳು, ಅದೇ ಗಾಳಿ ಹಾಕಿ ಗಿರಣಿ ಅಂಗಳಕ್ಕೆ ಒಯ್ದ. ಓಡಿಸಲು ಟ್ಯಾಂಕರ್ ಅಣ್ಣನನ್ನು ಕರೆದ. ಮೂವತ್ತು ವರ್ಷ ಎಣ್ಣೆ ಟ್ಯಾಂಕರು ಓಡಿಸಿ ನಿವೃತ್ತನಾದ, ಬೀದಿಯ ಕೊನೆಯ ಮನೆಯ ಮುದುಕ ಅವನು.

ಹಿಂದೆ ಮೇಸ್ತ್ರಿ ಕೂತು ಆರು ಸುತ್ತು ಹಾಕಿದರು. ತಿರುವಿನ ಮಧ್ಯೆ ಕಾಲು ತೆಗೆದು ನೋಡು ಎಂದ. ಟ್ಯಾಂಕರ್ ಅಣ್ಣ ತೆಗೆದ. ಕಾರು ಜಪ್ಪಯ್ಯ ಅನ್ನಲಿಲ್ಲ. ಮಂಡಿ ನೋವು ಬಂದು ಮೇಸ್ತ್ರಿ ಸ್ವಲ್ಪ ಕಾಲು ಚಾಚುತ್ತೇನೆಂದು ಕೆಳಗಿಳಿದ.

"ನಾನು ಇನ್ನೊಂದು ಸುತ್ತು ಹಾಕಿ ಬರ್ತೀನಿ ತಡಿ," ಎಂದು ಮುದುಕ ಹೊರಟ.

ಅದೇ ತಿರುವು, ಅದೇ ವೇಗ. ಸಿಮೆಂಟಿನ ಚಪ್ಪಡಿಗಳು ಸೇರುವ ಸಣ್ಣ ಉಬ್ಬಿನ ಮೇಲೆ ಹಿಂದಿನ ಚಕ್ರ ಪುಟಿಯುವುದು ಮೇಸ್ತ್ರಿಗೆ ಕಾಣಿಸಿತು. ಪುಟಿದ ಚಕ್ರ ಕೆಳಗೆ ಬಂದು ಊರುವಷ್ಟರಲ್ಲಿ ಮುದುಕ ಕಾಲು ತೆಗೆದಿದ್ದ. ಕಾರು ಬುಗುರಿಯಂತೆ ಗರಗರ ತಿರುಗಿ, ಗಿರಣಿಯ ಗೋಡೆಗೆ ಎರಡು ಮಾರು ದೂರದಲ್ಲಿ ನಿಂತಿತು.

ಮುದುಕ ಬೆವರು ಒರೆಸಿಕೊಳ್ಳುತ್ತ ಇಳಿದ. "ಏನೋ ಇದು, ಬಾಲ ಕಡಿದ ಹಾಗೆ ಆಡ್ತು. ನೀನು ಕೂತಿದ್ದಾಗ ಹೀಗಿರಲಿಲ್ಲವಲ್ಲ."

ಮೇಸ್ತ್ರಿ ಸಿಮೆಂಟಿನ ಮೇಲೆ ಕೂತುಬಿಟ್ಟ. ನೂರಾ ಹನ್ನೆರಡು ಕಿಲೋ ಹಿಂದೆ ಇದ್ದಾಗ ಆ ಸ್ಪ್ರಿಂಗು ಹದ, ಆ ಗಾಳಿ ಹದ. ಇಲ್ಲದಿದ್ದಾಗ ಸ್ಪ್ರಿಂಗು ಕೋಲು, ಟೈರು ಕಲ್ಲು, ಚಕ್ರ ರಸ್ತೆಯನ್ನು ಮುಟ್ಟಿ ಮುಟ್ಟಿ ಬಿಡುತ್ತದೆ. ಆಗ ಕಾಲು ತೆಗೆದರೆ ಇರುವ ಭಾರವೂ ಮುಂದಕ್ಕೆ ಸರಿದು ಬಾಲ ಹಾರುತ್ತದೆ. ಭಾವನ ಕಾರನ್ನು ಅವನು ಭಾವನಿಗಾಗಿ ಹದ ಮಾಡಿರಲಿಲ್ಲ. ತಾನು ಸದಾ ಹಿಂದೆ ಕೂತಿರುತ್ತೇನೆ ಎಂಬಂತೆ ಹದ ಮಾಡಿದ್ದ. ಭಾವ ದಿನಾ ಒಬ್ಬರೇ ಹೋಗುತ್ತಿದ್ದರು. ಅಷ್ಟು ಸಣ್ಣ ವಿಷಯ ಅವನಿಗೆ ಹೊಳೆಯಲಿಲ್ಲ. ಮೇಷ್ಟ್ರು ಬಾಯಿಬಿಟ್ಟು ಹೇಳಿದರೂ ಹೊಳೆಯಲಿಲ್ಲ.

ಮುಂದಿನ ಭಾನುವಾರ ಹೇಳಿಬಿಡುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿ ಹೋದ. ಮೆಟ್ಟಿಲು ಹತ್ತುವಾಗಲೂ ಮಾತು ನಾಲಿಗೆಯ ತುದಿಯಲ್ಲಿತ್ತು. ಅಕ್ಕ ಬಾಗಿಲು ತೆಗೆದು, "ನೀನು ಬರೋ ದಿನ ಮಾತ್ರ ಅವರು ಎರಡು ತುತ್ತು ತಿಂತಾರೆ ಕಣೋ" ಎಂದಳು. ಮೇಸ್ತ್ರಿ ಒಳಗೆ ಹೋಗಿ ಎಂದಿನಂತೆ ಸ್ಟೂಲು ಎಳೆದುಕೊಂಡು ಕೂತ. ಹೇಳಿದರೆ ಆ ಎರಡು ತುತ್ತೂ ನಿಲ್ಲುತ್ತವೆ ಎಂದು ತನಗೆ ತಾನೇ ನೆವ ಹೇಳಿಕೊಂಡ. ನೆವ ಅದು, ಇನ್ನೇನಲ್ಲ. ಈ ಮನೆಯ ಬಾಗಿಲು ತನಗೆ ಮುಚ್ಚಿಹೋಗುತ್ತದೆಂದು ಅವನು ಹೆದರಿದ್ದ. ಐವತ್ತರ ಹತ್ತಿರದ ಆನೆಯಂಥ ಆಳು ಒಂಬತ್ತು ವರ್ಷದವನಂತೆ ಹೆದರಿದ್ದ.

ಹೀಗೆ ಭಾನುವಾರಗಳು ಕಳೆದವು. ಭಾವ ಇನ್ನೂ ಬಡಕಲಾದರು. ಅಕ್ಕ ಎರಡು ಗಂಟೆಗೊಮ್ಮೆ ಅವರನ್ನು ಮಗ್ಗುಲು ಬದಲಿಸಿ ಮಲಗಿಸುತ್ತಿದ್ದಳು, ಆದರೂ ಬೆನ್ನಿನ ಮೇಲೆ ಹುಣ್ಣಾಯಿತು. ಒಂದು ದಿನ ಭಾವ ಅವನ ಮಣಿಕಟ್ಟು ಹಿಡಿದು ಹೇಳಿದರು: "ನನ್ನದೊಂದು ಕೆಲಸ ಮಾಡ್ತೀಯಾ? ಆ ಬಾಣಂತಿ ಗಂಡನ ಹತ್ತಿರ ಹೋಗಿ ಬಾ. ನನ್ನಿಂದ ತಪ್ಪಾಯ್ತು, ಕ್ಷಮಿಸಬೇಕು ಅಂತ ಹೇಳು. ನನಗೆ ಎದ್ದು ಹೋಗಕ್ಕೆ ಆಗಿದ್ದರೆ ನಾನೇ ಹೋಗ್ತಿದ್ದೆ."

ಆಗಲಾದರೂ ಬಾಯಿಬಿಡಬೇಕಿತ್ತು. ಮೇಸ್ತ್ರಿ "ಆಗಲಿ ಭಾವ" ಎಂದು ಬಸ್ಸು ಹತ್ತಿದ.

ಬಾಣಂತಿಯ ಗಂಡ ಬೆಟ್ಟದ ಆಚೆ ಒಂದು ಮರದ ಡಿಪೋದಲ್ಲಿ ಗುಮಾಸ್ತ. ಮಗುವನ್ನು ಭುಜಕ್ಕೆ ಹಾಕಿಕೊಂಡೇ ಬಾಗಿಲಿಗೆ ಬಂದ. ಕೂರಿ ಎನ್ನಲಿಲ್ಲ. ಮೇಸ್ತ್ರಿ ಹೊಸಿಲಿನ ಹೊರಗೆ ನಿಂತು ತನ್ನದೇ ತಪ್ಪಿಗೆ ಇನ್ನೊಬ್ಬರ ಹೆಸರಿನಲ್ಲಿ ಕ್ಷಮೆ ಕೇಳಿದ. ಗಂಡ ಎಲ್ಲ ಕೇಳಿಸಿಕೊಂಡ.

"ನಿಧಾನಕ್ಕೆ ಬಂದಿದ್ದರೂ ಅವಳು ಉಳೀತಿದ್ದಳು, ಡಾಕ್ಟರು ಹೇಳಿದಾರೆ," ಎಂದ. "ಹತ್ತು ನಿಮಿಷ ತಡ ಆಗಿದ್ದರೆ ಏನೂ ಆಗ್ತಿರಲಿಲ್ಲ. ಅಷ್ಟು ಅವಸರ ಯಾಕೆ ಮಾಡಿದರು ಅಂತ ಅವರನ್ನ ಕೇಳಿ. ಕ್ಷಮೆಗಿಮೆ ನನ್ನ ಹತ್ತಿರ ಇಲ್ಲ."

ಮೇಸ್ತ್ರಿ ವಾಪಸು ಬಂದು, "ಕ್ಷಮಿಸಿದಾರೆ ಭಾವ, ಒಳ್ಳೆ ಮನುಷ್ಯ" ಎಂದ.

ಭಾವ ಅವನ ಮುಖವನ್ನೇ ನೋಡಿದರು. "ನಿನಗೆ ಸುಳ್ಳು ಹೇಳಕ್ಕೆ ಬರಲ್ಲ ಗುಂಡ," ಎಂದು ಕಿಟಕಿಯ ಕಡೆ ಮುಖ ತಿರುಗಿಸಿದರು. ಆಮೇಲೆ ಆ ಬಾಣಂತಿಯ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಕಾಲು ತೆಗೆದ ಮಾತನ್ನೂ ಎತ್ತಲಿಲ್ಲ. ಬೇರೆ ಮಾತಂತೂ ಮೊದಲೇ ಕಮ್ಮಿ.

ಬಿದ್ದ ಹನ್ನೊಂದನೆಯ ತಿಂಗಳಲ್ಲಿ ಬೆನ್ನಿನ ಹುಣ್ಣು ನಂಜಾಗಿ ಜ್ವರ ಏರಿತು. ಒಂದು ಬುಧವಾರ ಮಧ್ಯಾಹ್ನ ಭಾವ ತೀರಿಕೊಂಡರು. ಮೇಸ್ತ್ರಿಗೆ ಸುದ್ದಿ ಮುಟ್ಟಿದಾಗ ಅವನು ಯಾರದೋ ಕಾರಿನ ಕೆಳಗಿದ್ದ. ಹೊರಗೆ ಬರಲು ಅವನಿಗೆ ಬಹಳ ಹೊತ್ತು ಹಿಡಿಯಿತು.

ಎಲ್ಲ ಮುಗಿದು, ಬಂದವರೆಲ್ಲ ಹೋದ ಮೇಲೆ, ಅಕ್ಕ ಖಾಲಿ ಮಂಚದ ಹಾಸಿಗೆ ಸುತ್ತುತ್ತಿದ್ದಳು. ಮೇಸ್ತ್ರಿ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದ. ಸ್ಪ್ರಿಂಗು, ಸರಳು, ಸುಣ್ಣದ ಗೆರೆ, ತನ್ನ ಮೈಭಾರ, ಟ್ಯಾಂಕರ್ ಅಣ್ಣ ಹಾಕಿದ ಆ ಒಂದು ಸುತ್ತು. ಮೇಷ್ಟ್ರ ಮಾತನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ಅತ್ತ. ಹೇಳಿ ಮುಗಿಸಿದಾಗ, ನಾಚಿಕೆಯ ವಿಷಯ, ಅವನಿಗೆ ಹಗುರವಾಯಿತು.

ಅಕ್ಕ ಹಾಸಿಗೆ ಸುತ್ತುವುದನ್ನು ನಿಲ್ಲಿಸಿದ್ದಳು.

"ಇದು ನಿನಗೆ ಯಾವಾಗ ಗೊತ್ತಾಯ್ತು?"

"ಭಾವ ಬಿದ್ದು ಒಂದೂವರೆ ತಿಂಗಳಿಗೆ."

"ಅವರಿಗೆ ಹೇಳಿದ್ಯಾ?"

"ಇಲ್ಲ ಅಕ್ಕ."

ಅಕ್ಕ ಮಂಚದ ಅಂಚಿನಲ್ಲಿ ಕೂತಳು. ದನಿ ಏರಿಸಲಿಲ್ಲ. "ಕಾರಿನ ವಿಷಯ ಬಿಡು. ಬೇಕು ಅಂತ ಮಾಡಿದವನಲ್ಲ ನೀನು. ಹೇಳಿದ್ದರೆ ಅವರೂ ಹಾಗೇ ಅಂತಿದ್ದರು. ಒಂದು ದಿನ ಬೈತಿದ್ದರು, ನಾಲ್ಕು ದಿನ ಮಾತು ಬಿಡ್ತಿದ್ದರು. ಆಮೇಲೆ ನಿದ್ದೆ ಮಾಡ್ತಿದ್ದರು. ತಾನು ಒಬ್ಬಳನ್ನ ಕೊಂದೆ ಅಂದುಕೊಂಡು ಆ ಮನುಷ್ಯ ಹನ್ನೊಂದು ತಿಂಗಳು ಕಣ್ಣು ಮುಚ್ಚಲಿಲ್ಲ ಕಣೋ. ಹಾಗೇ ಅಂದುಕೊಂಡೇ ಹೋದರು. ಪಕ್ಕದಲ್ಲಿ ಕೂತು ನೋಡ್ತಾ ಇದ್ದೆಯಲ್ಲ."

ಮೇಸ್ತ್ರಿ ಅವಳ ಕಾಲು ಹಿಡಿಯಲು ಬಗ್ಗಿದ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

"ನನ್ನ ಕಾಲು ಹಿಡಿದು ಏನು ಮಾಡ್ತೀಯ. ಹೋಗು, ಆ ಬಾಣಂತಿ ಗಂಡನಿಗೆ ಹೇಳು. ನನ್ನ ಗಂಡ ಅವಸರ ಮಾಡಿದವರಲ್ಲ ಅಂತ ಹೇಳು. ಅವನಾದರೂ ಬದುಕಿದ್ದಾನೆ, ಕೇಳಿಸಿಕೊಳ್ತಾನೆ."

ಮೇಸ್ತ್ರಿ ಎದ್ದು ಬಾಗಿಲವರೆಗೆ ಹೋಗಿ ಒಂದು ಸಲ ಹಿಂತಿರುಗಿ ನೋಡಿದ. ಅಕ್ಕ ಮತ್ತೆ ಹಾಸಿಗೆ ಸುತ್ತಲು ತೊಡಗಿದ್ದಳು, ತಲೆ ಎತ್ತಲಿಲ್ಲ.